ಉಂಡೆ ಡಬ್ಬದ ಸ್ವರ

ಆ ವಸತಿ ಸಂಗೀತ ಶಾಲೆಯ ಮಕ್ಕಳಿಗೆ ವಾರ್ಡನ್ ಮೇಡಂ ಎಂದರೆ ಒಳಗೊಳಗೇ ನಗು. ಷಡ್ಜ ಯಾವುದು, ಪಂಚಮ ಯಾವುದು ಎಂಬುದೂ ಅವರಿಗೆ ತಿಳಿಯದು.

ಅವತ್ತು ಮೇಡಂ ತಮ್ಮ ಕೋಣೆಯ ತಗಡಿನ ಡಬ್ಬ ಹಿಡಿದು, ಹಗಲೆಲ್ಲ ತಂಬೂರಿ ನುಡಿಯುವ ಹಜಾರಕ್ಕೇ ಬಂದರು.

“ಇದರ ತುಂಬ ರವೆ ಉಂಡೆ ಇತ್ತು. ಯಾರು ತಿಂದಿದ್ದು? ತಿಂದೋರು ನಾಳೆ ಕಛೇರೀಲಿ ಹಾಡೋ ಹಾಗಿಲ್ಲ.”

“ಆ ಡಬ್ಬ ನಾವ್ಯಾರೂ ನೋಡೇ ಇಲ್ಲ ಮೇಡಂ,” ಎಂದಳು ಮುಂದಿನ ಸಾಲಿನ ಹುಡುಗಿ. ನಾಳೆಯ ಮುಖ್ಯ ಹಾಡುಗಾರ್ತಿ ಅವಳೇ. ಯಾರ ಅಪಸ್ವರವನ್ನೂ ತಿದ್ದದೆ ಬಿಟ್ಟವಳಲ್ಲ.

ಮೇಡಂ ನಿಟ್ಟುಸಿರು ಬಿಟ್ಟು, ಖಾಲಿ ಡಬ್ಬವನ್ನು ಬೆರಳಿನಿಂದ ಠಣ್ಣೆಂದು ಬಡಿದರು. “ಹೋಗ್ಲಿ ಬಿಡಿ. ಇದು ಯಾವ ಸ್ವರ? ರಿಷಭ ಅಲ್ವಾ?”

“ಗಾಂಧಾರ!” ಎಂದು ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

“ಇಲ್ಲ, ರಿಷಭಾನೇ. ನನಗೂ ಕಿವಿ ಇದೆ.”

ಮುಂದಿನ ಸಾಲಿನ ಹುಡುಗಿಗೆ ತಡೆಯಲಾಗಲಿಲ್ಲ.

“ಅಯ್ಯೋ, ಗಾಂಧಾರಾನೇ ಮೇಡಂ! ರಿಷಭ ಬರ್ತಿದ್ದಿದ್ದು ಡಬ್ಬ ತುಂಬಿದ್ದಾಗ!”