ಪಾತಾಳದಲ್ಲಿ ಬಂಗಾರದ ಟೋಪಿ

ಮೊಬೈಲು ಕಾದು ಪ್ಲಾಸ್ಟಿಕ್ ವಾಸನೆ ಬಂದರೆ ಈಗಲೂ ನರಗುಂದದ ಆ ಮಧ್ಯಾಹ್ನ ಎದುರಿಗೆ ಬಂದು ಕೂಡುತ್ತದೆ.

ಅಪ್ಪ ತೀರಿಕೊಂಡು ದಿನಕರ್ಮ ಆಗಷ್ಟೇ ಮುಗಿದಿತ್ತು. ನಾನು ಪಡಸಾಲೆಯ ಮೂಲೆಯಲ್ಲಿ ಕೂತು, ಕಾದ ಮೊಬೈಲಿನಲ್ಲಿ ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಆಟದ ಪಾತಾಳಕ್ಕೆ ಇಳಿದಿದ್ದೆ. ಸುತ್ತ ಕುದಿಯುವ ಬೆಂಕಿ, ಹಂದಿಮುಖದ ಕಾವಲುಗಾರರು. ಅವರ ಕಾಯಿದೆ ನೇರ: ತಲೆಯ ಮೇಲೆ ಬಂಗಾರದ ಟೋಪಿ ಇದ್ದರೆ ಮುಟ್ಟುವುದಿಲ್ಲ, ತೆಗೆದರೆ ಮೈಮೇಲೆ ಬೀಳುತ್ತಾರೆ. ಅದನ್ನು ನಾನು ಆಟದಲ್ಲಿ ಸತ್ತು ಸತ್ತು ಕಲಿತಿದ್ದೆ.

ದೊಡ್ಡಪ್ಪ ಅವ್ವನಿಗೆ ಹೇಳುತ್ತಿದ್ದರು: "ಇನ್ನ ನಿನಗ್ಯಾಕವ್ವ ಬಂಗಾರದ ಪಾಟ್ಲಿ? ನನ್ನ ತಿಜೋರಿಯೊಳಗ ಇರಲಿ. ಹುಡುಗಿ ಮದಿವಿಗೆ ಬರ್ತಾವ."

"ಯವ್ವಾ, ಕೊಡಬ್ಯಾಡ," ಎಂದೆ. "ಬಂಗಾರ ತಗದ್ರ ಯಾರೂ ಬಿಡಂಗಿಲ್ಲ. ಇಡೂದ ಖರೇ ಇದ್ರ ತಿಜೋರಿ ಕೀಲಿ ಅವ್ವನ ಕಡೆ ಕೊಡ್ರಿ, ದೊಡ್ಡಪ್ಪ."

"ಮನ್ಯಾಗ ವಕೀಲ ಹುಟ್ಯಾಳ ನೋಡ್ರಿ!" ದೊಡ್ಡಪ್ಪ ನಕ್ಕರು. ಎಲ್ಲರೂ ನಕ್ಕರು.

"ದೊಡ್ಡವರಿಗೆ ಎದುರಾಡಬ್ಯಾಡ. ನೀ ಆಡ್ಕೋ ಹೋಗು," ಎಂದಳು ಅವ್ವ. ಪಾಟ್ಲಿ ಬಳೆ ಮುಂಗೈಯಿಂದ ಇಳಿಯಲೊಲ್ಲವು. ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ತೆಗೆದು ತಂದಳು. ಒರೆಸಿ, ಎರಡೂ ಕೈಯಿಂದ ಕೊಟ್ಟಳು.

ಸಂಜೆ ಅವ್ವನ ತಾಟಿಗೆ ರೊಟ್ಟಿ ಹಾಕಲು ದೊಡ್ಡವ್ವ ಬಗ್ಗಿದಾಗ, ಅವಳ ಕೈಯಲ್ಲಿ ಅವೇ ಪಾಟ್ಲಿ ಸದ್ದು ಮಾಡಿದವು. ಅವ್ವ ತಲೆ ಎತ್ತಲಿಲ್ಲ.