ಅಣ್ಣ ಮಾರಿದ ಕ್ಯಾಸೆಟ್

ಮಗಳ ಆಟದ ರಿಮೋಟ್ ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬಂದರೆ ಸಾಕು, ಅಣ್ಣನ ಹಣೆಯಿಂದ ಇಳಿದ ರಕ್ತ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಆಗ ನನಗೆ ಹತ್ತು ವರ್ಷ. ನನ್ನ ಕಾರ್ ರೇಸಿನ ವಿಡಿಯೋ ಗೇಮ್ ಕ್ಯಾಸೆಟ್ ಎರಡು ದಿನದಿಂದ ಕಾಣೆಯಾಗಿತ್ತು. ಆ ಮಧ್ಯಾಹ್ನ ನೋಡಿದರೆ ಶಿರಸಿ ಪೇಟೆಯ ಹಳೆಯ ಗೇಮುಗಳ ಅಂಗಡಿಯಲ್ಲಿ ಅದು ಗಾಜಿನ ಹಿಂದೆ ಕೂತಿತ್ತು. ಕೈವಾರದ ಮೊನೆಯಿಂದ ನಾನು ಗೀಚಿದ್ದ ಹೆಸರಿನ ಪಕ್ಕದಲ್ಲೇ ಇನ್ನೂರು ರೂಪಾಯಿಯ ಚೀಟಿ ಅಂಟಿಸಿದ್ದರು.

"ಇದು ನನ್ನದು" ಎಂದೆ.

"ನಿಮ್ಮಣ್ಣ ನೂರಕ್ಕೆ ಕೊಟ್ಟು ಹೋದ, ತಂಗಿ. ಇನ್ನೂರು ತಂದ್ರೆ ನಿಂದೇ. ಅಂಗಡಿ ನಡೀಬೇಕಲ್ಲ?" ಎಂದ ಅಂಗಡಿಯವನು.

ಮನೆಗೆ ಓಡಿ ಬಂದಾಗ ಅಣ್ಣ ಆ ನೂರರಲ್ಲಿ ತಂದ ಹೊಡೆದಾಟದ ಗೇಮ್ ಆಡುತ್ತಿದ್ದ.

"ಎಂತಕ್ಕೆ ಮಾರಿದೆ?"

"ನೀ ಅದ್ನ ಆಡಿ ಮುಗ್ಸಿದ್ದೆ ಅಲ್ದನೆ?" ಎಂದ, ತಿರುಗಿಯೂ ನೋಡದೆ.

ಅವನ ಕೈಯಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬರುತ್ತಿದ್ದ ರಿಮೋಟ್ ಕಿತ್ತು ಹಣೆಗೆ ಬೀಸಿದೆ. ಚರ್ಮ ಸೀಳಿ ರಕ್ತ ಹುಬ್ಬು ದಾಟಿ ತುಟಿಗೆ ಇಳಿಯಿತು.

ಗದ್ದಲ ಕೇಳಿ ಬಂದ ಅಪ್ಪಯ್ಯನಿಗೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಸೊಂಟದ ಬೆಲ್ಟ್ ಬಿಚ್ಚಿದರು.

"ಮನೆ ವಸ್ತು ಮಾರ್ತ್ಯಾ? ಕಳ್ಳ!"

ಬಕಲು ಅಣ್ಣನ ಬೆನ್ನಿನ ಮೂಳೆಗೆ ತಾಗಿದ ಸದ್ದು ಕೇಳಿಸಿತು. ಅವನು ಅಳಲಿಲ್ಲ. "ಬಿಡಿ, ಸತ್ ಹೋಗ್ತ ಅಂವ!" ಎಂದು ಹೆತ್ತ ಆಯಿ ಬಾಗಿಲಲ್ಲಿ ಕೂಗಿದಳು. ಅಪ್ಪಯ್ಯ ನಾಲ್ಕನೆಯ ಏಟಿಗೆ ಕೈ ಎತ್ತಿದಾಗ ನಾನು ಹಾರಿ ಅವರ ಮುಂಗೈ ಕಚ್ಚಿದೆ, ಬಾಯಿಗೆ ಉಪ್ಪು ರುಚಿ ಬರುವ ತನಕ.

ಬೆಲ್ಟ್ ಕೆಳಗೆ ಬಿತ್ತು. ಅವರು ನನಗೆ ಹೊಡೆಯಲಿಲ್ಲ. ಹಲ್ಲಿನ ಗುರುತು ನೋಡಿಕೊಳ್ಳುತ್ತ ಜಗುಲಿಗೆ ಹೋಗಿ ಕೂತರು. ಆಯಿ ಎರಡು ಸಲ ಕರೆದರೂ ಚಹಾಕ್ಕೆ ಏಳಲಿಲ್ಲ.