ಸಂಸಾರಸ್ಥರಿಗೆ ತಕ್ಕ ಊರು

“ಬಿಲ್ಯಾನಾ!”

ಲ್ಯೂಬೆನ್ ಕೂಗುತ್ತ ಕೊಡೆಗಳ ಸಾಲಿನ ನಡುವೆ ಓಡಿ ಬಂದಾಗ ಅವನ ಹೆಂಡತಿ ಝೋರಾ ಬೋರಲು ಮಲಗಿ ಬೆನ್ನಿಗೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಅವನ ಎರಡೂ ಕೈಯಲ್ಲಿ ಐಸ್‌ಕ್ರೀಮು. ಕರಗಿ ಮೊಣಕೈವರೆಗೆ ಇಳಿದಿತ್ತು.

“ಇಲ್ಲಿಗೆ ಬಂದಳಾ?”

“ಯಾರು? ನಿನ್ನ ಜೊತೇನೇ ಅಲ್ವಾ ಕಳಿಸಿದ್ದು?”

“ಐಸ್‌ಕ್ರೀಮ್ ಅಂಗಡಿ ಮುಂದೆ ನಿಂತಿದ್ವಿ. ದುಡ್ಡು ಕೊಟ್ಟು ತಿರುಗೋದ್ರೊಳಗೆ ಇಲ್ಲ!”

ಝೋರಾ ಚಪ್ಪಲಿಯನ್ನೂ ಹುಡುಕದೆ ಎದ್ದಳು. ಆಗಸ್ಟ್ ತಿಂಗಳು. ಕಪ್ಪು ಸಮುದ್ರದ ಆ ದಡದಲ್ಲಿ ಮರಳು ಕಾಣುತ್ತಿರಲಿಲ್ಲ, ಬರೀ ಮೈಗಳು ಕಾಣುತ್ತಿದ್ದವು. ಮೂರು ಬಾರುಗಳಿಂದ ಮೂರು ಹಾಡು ಒಟ್ಟಿಗೆ ಅರಚುತ್ತಿದ್ದವು. ಮಧ್ಯಾಹ್ನವೇ ಕುಡಿದು, ಬಿಸಿಲಿಗೆ ಸುಟ್ಟು ಕೆಂಪು ಮೂಲಂಗಿಯಂತಾದ ಪರದೇಶದ ಹುಡುಗರು ಯಾರ್ಯಾರದೋ ಟವೆಲ್ ಮೇಲೆ ಬಿದ್ದಿದ್ದರು.

ಇದನ್ನೇ ಅವಳು ಮನೆಯಲ್ಲಿ ಹೇಳಿದ್ದಳು. “ಅದು ಕುಡುಕರ ಊರು. ಮಗು ಕಟ್ಟಿಕೊಂಡು ಹೋಗೋ ಜಾಗಾನಾ?” ಅವಳ ಅಕ್ಕನಿಗೆ ಬೆಸ್ತರ ಹಳ್ಳಿಯೊಂದರಲ್ಲಿ ಖಾಲಿ ಕೋಣೆಯಿತ್ತು. ಬಾಡಿಗೆ ಕೇಳುವವಳಲ್ಲ. ಲ್ಯೂಬೆನ್ ಒಪ್ಪಲಿಲ್ಲ. “ನಾಲ್ಕು ಮನೆ ಹಳ್ಳಿಯಲ್ಲಿ ಮಗೂಗೆ ಏನು ಮೋಜು? ಸಂಸಾರಸ್ಥರು ಹೋಗೋದು ಇಂಥ ಕಡೆಗೇ. ಜನ ಇರಬೇಕು, ಗದ್ದಲ ಇರಬೇಕು.” ಝೋರಾ ನಕ್ಕಿದ್ದಳು. ಅವನು ಗಾಬ್ರೊವೊದವನು. ಚಳಿಗಾಲದಲ್ಲಿ ಒಲೆಯ ಬಿಸಿ ಪೋಲಾಗದೆ ಬಾಗಿಲು ಬೇಗ ಮುಚ್ಚಲೆಂದು ಬೆಕ್ಕಿನ ಬಾಲ ಕತ್ತರಿಸುತ್ತಾರೆಂದು ದೇಶವೇ ನಗುವ ಜಿಪುಣರ ಊರು ಅದು. “ಗಾಬ್ರೊವೊದವನು ಬಿಟ್ಟಿ ಕೋಣೆ ಬೇಡ ಅಂತಾನೆ ಅಂದ್ರೆ ನಮ್ಮ ಮೇಲೆ ಎಷ್ಟು ಪ್ರೀತಿ ಇರಬೇಡ!”

ವಸಂತದಲ್ಲಿ ಮದುವೆಯಾಗಿತ್ತು. ಬಿಲ್ಯಾನಾ ಝೋರಾಳ ಮೊದಲ ಗಂಡನ ಮಗಳು, ಆರು ವರ್ಷದವಳು. ಮೂವರೂ ಒಟ್ಟಿಗೆ ಹೊರಟ ಮೊದಲ ಪ್ರವಾಸ ಇದು.

ಕಾವಲು ಗೋಪುರದಿಂದ ಜೀವರಕ್ಷಕ ಇಳಿದು ಬಂದ.

“ಯಾವ ಬಣ್ಣದ ಬಟ್ಟೆ?”

“ಕೆಂಪು,” ಎಂದ ಲ್ಯೂಬೆನ್.

“ಹಳದಿ!” ಝೋರಾ ಕಿರುಚಿದಳು. “ಹಳದಿ, ಹಳದಿ! ಬೆಳಿಗ್ಗೆಯಿಂದ ಕಣ್ಣು ಎಲ್ಲಿಟ್ಟಿದ್ದೆ?”

“ಗಂಡಸರೆಲ್ಲ ಹೀಗೇ ಬಿಡಮ್ಮಾ,” ಪಕ್ಕದ ಕೊಡೆಯ ಹೆಂಗಸು ಅವಳ ಭುಜ ಹಿಡಿದಳು. “ಪಾಪ, ಅವರ ಮುಖ ನೋಡು.”

“ಕೈಗೆ ಹೋಟೆಲಿನ ಪಟ್ಟಿ ಇದೆಯಾ? ಹೆಸರು, ಫೋನ್ ನಂಬರ್?” ಜೀವರಕ್ಷಕ ಕೇಳಿದ.

“ತುರಿಸುತ್ತೆ ಅಂತ ಅಳ್ತಿದ್ಲು. ನಾನೇ ಬಿಚ್ಚಿದೆ.” ಲ್ಯೂಬೆನ್ ಹಣೆ ಹಣೆ ಚಚ್ಚಿಕೊಂಡ.

ಆಗ ಮುಸುಕಿನ ಜೋಳ ಮಾರುವ ಸ್ಪಾಸ್ ಅಜ್ಜ ಬಂದ. ಬೇಯಿಸಿದ ತೆನೆಗಳ ಡಬ್ಬಿ ಹೊತ್ತು, “ಬಿಸಿಬಿಸಿ ಜೋಳ, ಹಾಲಿನಂಥ ಜೋಳ” ಎನ್ನುತ್ತ ಬರಿಗಾಲಲ್ಲಿ ದಡವೆಲ್ಲ ತಿರುಗುವವನು. ಹಿಂದಿನ ದಿನ ಬಿಲ್ಯಾನಾಗೆ ಸುಮ್ಮನೆ ಒಂದು ತೆನೆ ಕೊಟ್ಟು ಕೆನ್ನೆ ಸವರಿದ್ದ.

ಲ್ಯೂಬೆನ್ ಬೆರಳು ಚಾಚಿದ. “ಇವನೇ! ನಿನ್ನೆಯಿಂದ ನಮ್ಮ ಮಗು ಹಿಂದೆ ಬಿದ್ದಿದ್ದಾನೆ.”

“ಯಾವ ಮಗು ಕಣಪ್ಪಾ? ಎಷ್ಟೋ ಮಕ್ಕಳು ಬರ್ತಾವೆ ನನ್ನ ಹತ್ರ.”

“ಕೇಳಿದ್ರಾ? ಎಷ್ಟೋ ಮಕ್ಕಳಂತೆ!”

ಮೊದಲ ಏಟು ಲ್ಯೂಬೆನ್‌ನದು. ಉಳಿದವು ಯಾರವೆಂದು ಆಮೇಲೆ ಯಾರೂ ಹೇಳಲಿಲ್ಲ. ಡಬ್ಬಿ ಉರುಳಿ ಕುದಿನೀರು ಮುದುಕನ ಪಾದದ ಮೇಲೆ ಹರಿಯಿತು. ಝೋರಾ ಅವನ ಬಿಳಿಗೂದಲು ಹಿಡಿದು ಜಗ್ಗಿದಳು. “ಎಲ್ಲಿಟ್ಟಿದ್ದೀಯೋ ನನ್ನ ಕೂಸನ್ನ? ಹೇಳೋ!” ಹೇಳಲು ಅವನ ಬಾಯಲ್ಲಿ ರಕ್ತ ತುಂಬಿತ್ತು.

ಅಷ್ಟರಲ್ಲಿ ಧ್ವನಿವರ್ಧಕ ಗರಗರ ಎಂದಿತು. ಹಳದಿ ಬಟ್ಟೆಯ ಹುಡುಗಿ ಸಿಕ್ಕಿದ್ದಾಳೆ. ಬಡಗಣ ತುದಿಯಲ್ಲಿ, ಕಾವಲಿನ ಬಾವುಟಗಳೂ ಮುಗಿದ ಮೇಲೆ ಸಿಗುವ ಹಳೇ ದೋಣಿಕಟ್ಟೆಯ ಬಳಿ. ರೊಮೇನಿಯಾದ ಹೆಂಗಸೊಬ್ಬಳು ಕಂಡು ಕರೆತರುತ್ತಿದ್ದಾಳೆ.

ಎತ್ತಿದ ಕೈಗಳು ಇಳಿದವು. ಲ್ಯೂಬೆನ್ ಮರಳಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಹೆತ್ತ ಅಪ್ಪನೂ ಇಷ್ಟು ಒದ್ದಾಡಲ್ಲ,” ಎಂದಳು ಬೆಳಿಗ್ಗೆ ಝೋರಾಳಿಂದ ಮನೆಯ ಕತೆಯೆಲ್ಲ ಕೇಳಿದ್ದ ಪಕ್ಕದ ಕೊಡೆಯ ಹೆಂಗಸು.

ಜೀವರಕ್ಷಕ ಮಾತ್ರ ದೋಣಿಕಟ್ಟೆಯ ಕಡೆ ನೋಡುತ್ತ ತಲೆ ಕೆರೆದುಕೊಂಡ. “ಅಲ್ಲಿಗೆ ನಡೆಯೋಕೆ ದೊಡ್ಡವರಿಗೇ ಸಾಕಾಗುತ್ತೆ. ಈ ಜನಜಂಗುಳೀಲಿ ಒಬ್ಬಳೇ ಹೆಂಗೆ ಹೋದ್ಲು?” ಝೋರಾ ಆಗಲೇ ಓಡಿದ್ದಳು.

ಸ್ಪಾಸ್ ಅಜ್ಜನನ್ನು ಆಂಬುಲೆನ್ಸಿನವರು ಎತ್ತಿಕೊಂಡು ಹೋದರು. ಬಿದ್ದಿದ್ದ ತೆನೆಗಳನ್ನು ಕಡಲಹಕ್ಕಿಗಳು ಕುಕ್ಕಿದವು.

ಸಂಜೆ ಹೋಟೆಲಿನ ಊಟದ ಕೋಣೆಯಲ್ಲಿ ಝೋರಾ ಮಗಳನ್ನು ಮಡಿಲಿಂದ ಇಳಿಸಲೇ ಇಲ್ಲ. ಮಗು ತುಟಿ ಬಿಚ್ಚಿರಲಿಲ್ಲ.

“ಆ ಮುದುಕ…” ಎಂದು ಝೋರಾ ಶುರುಮಾಡಿದಳು.

“ಯಾರಿಗೆ ಗೊತ್ತಿತ್ತು?” ಎಂದ ಲ್ಯೂಬೆನ್.

“ನಾನು ಹೇಳಿರಲಿಲ್ವಾ, ಇದು ಸಂಸಾರಸ್ಥರ ಊರಲ್ಲ ಅಂತ?”

“ನಿನ್ನ ಮಾತೇ ಸರಿ. ನಾಳೆ ನಿಮ್ಮ ಅಕ್ಕನ ಹಳ್ಳಿಗೇ ಹೋಗೋಣ. ಅಲ್ಲಿ ಜನ ಇರಲ್ಲ.”

ಝೋರಾಳ ಕಣ್ಣು ತುಂಬಿ ಬಂತು. ಅವನ ಕೆನ್ನೆಗೆ ಮುತ್ತಿಟ್ಟಳು. “ಬೈದೆ ಅಂತ ಬೇಜಾರು ಮಾಡ್ಕೋಬೇಡ. ಅಲ್ಲಿ ಇವಳನ್ನ ನಿನ್ನ ಕೈಗೇ ಒಪ್ಪಿಸಿಬಿಡ್ತೀನಿ.” ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಸೌತೆಕಾಯಿ-ಮೊಸರಿನ ಸೂಪು ತರಲು ಹೋದಳು.

ಬಿಲ್ಯಾನಾ ಅಮ್ಮ ದೂರ ಹೋಗುವವರೆಗೆ ಕಾದಳು. ಆಮೇಲೆ ಅವನ ಕಿವಿಗೆ ಬಾಯಿಟ್ಟಳು.

“ನಾನು ಕೂಗಿದಾಗ ನೀವು ತಿರುಗಿ ನೋಡಿ ಓಡಿಹೋದ್ರಲ್ಲ, ಅದನ್ನ ಅಮ್ಮಂಗೆ ಹೇಳಲ್ಲ ಅಂಕಲ್. ಇನ್ನೊಂದು ಸಲ ಅಷ್ಟು ದೂರ ಬಿಟ್ಟು ಬರಬೇಡಿ, ಆಯ್ತಾ?”